ಪೋಸ್ಟರ್ ಮೊದಲು, ದೈತ್ಯ ಕೊನೆಗೆ

ಪ್ರಶ್ನೆ: ಮೊನ್ನೆ ಯೂಟ್ಯೂಬ್‌ನಲ್ಲಿ ‘ಇಟ್ ಕಾಂಕರ್ಡ್ ದ ವರ್ಲ್ಡ್’ ಅನ್ನೋ 1956ರ ಅಮೆರಿಕನ್ ಸಿನಿಮಾ ನೋಡಿದೆವು. ಶುಕ್ರಗ್ರಹದ ಪ್ರಾಣಿಯೊಂದು ಭೂಮಿಯನ್ನು ಹಿಡಿಯಲು ಬರುವ ಕಥೆ. ಕೊನೆಯಲ್ಲಿ ಅದು ಗುಹೆಯಿಂದ ಹೊರಗೆ ಬಂದಾಗ ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ಇಂಥ ಸಿನಿಮಾಗಳನ್ನು ಜನ ಇವತ್ತಿಗೂ ಹುಡುಕಿ ನೋಡುತ್ತಾರಂತೆ. ಯಾಕೆ? ಅಷ್ಟು ಕಡಿಮೆ ದುಡ್ಡಿನಲ್ಲಿ ಇವನ್ನು ಹೇಗೆ ಮಾಡುತ್ತಿದ್ದರು? ನಾವು ಇನ್ನೂ ಕೆಲವು ನೋಡಬೇಕೆಂದರೆ ಎಲ್ಲಿಂದ ಶುರು ಮಾಡೋಣ?

ಉತ್ತರ: ನೀವು ನಕ್ಕ ಪ್ರಾಣಿಯನ್ನು ನೋಡಿ ಮೊದಲು ನಕ್ಕವರು ಆ ಸಿನಿಮಾದ ನಾಯಕಿಯೇ. ಆದ್ದರಿಂದ ಸಂಕೋಚ ಬೇಡ. ಆದರೆ ಆ ಪ್ರಾಣಿ ಯಾಕೆ ಹಾಗಿದೆ ಅಂತ ಗೊತ್ತಾದರೆ ಇಡೀ ಸಿನಿಮಾ ಬೇರೆ ಥರ ಕಾಣುತ್ತದೆ. ಅಲ್ಲಿಂದಲೇ ಶುರು ಮಾಡೋಣ.

ಅದನ್ನು ಮಾಡಿದವರು ಪಾಲ್ ಬ್ಲೈಸ್‌ಡೆಲ್. ಹುಟ್ಟಿದ್ದು 1927ರಲ್ಲಿ. ವಿಜ್ಞಾನಕಥೆಗಳ ಪತ್ರಿಕೆಗಳಿಗೆ ಚಿತ್ರ ಬರೆಯುತ್ತಿದ್ದ ಕಲಾವಿದ. ಲಾಸ್ ಏಂಜಲೀಸ್ ಹತ್ತಿರದ ಟೊಪ್ಯಾಂಗಾ ಕಣಿವೆಯಲ್ಲಿ ಮನೆ. ಹೆಂಡತಿ ಜ್ಯಾಕಿ ಜೊತೆ ಸೇರಿ ಅಲ್ಲೇ ಕೆಲಸ. ದೊಡ್ಡ ಸ್ಟುಡಿಯೋಗಳಲ್ಲಿ ಇಂಥ ಪ್ರಾಣಿಯೊಂದಕ್ಕೆ ಅಚ್ಚು ತೆಗೆಯುವವರು, ರಬ್ಬರ್ ಎರೆಯುವವರು, ಬಣ್ಣ ಹಚ್ಚುವವರು ಅಂತ ಒಂದು ವಿಭಾಗವೇ ಇರುತ್ತಿತ್ತು. ಇಲ್ಲಿ ಇಬ್ಬರೇ. ಬ್ಲೈಸ್‌ಡೆಲ್ ಉದ್ದ ತೋಳಿನ, ಉದ್ದ ಕಾಲಿನ ಒಳ‌ಉಡುಪೊಂದನ್ನು ತೆಗೆದುಕೊಂಡು, ಫೋಮ್ ರಬ್ಬರನ್ನು ಕತ್ತರಿಯಿಂದ ತುಂಡು ತುಂಡಾಗಿ ಕತ್ತರಿಸಿ, ಒಂದರ ಮೇಲೊಂದು ಅಂಟಿಸುತ್ತಾ ಮೈ ಕಟ್ಟುತ್ತಿದ್ದರು. ಅಚ್ಚಿಗೆ ದುಡ್ಡಿಲ್ಲವಲ್ಲ, ಅದಕ್ಕೆ. ಹೀಗಾಗಿ ಅವರ ಪ್ರಾಣಿಗಳ ಚರ್ಮ ನುಣುಪಾಗಿರುವುದಿಲ್ಲ. ಪದರ ಪದರವಾಗಿ, ಹುರುಪೆ ಎದ್ದ ಹಾಗೆ ಇರುತ್ತದೆ. ಎಷ್ಟೋ ಸಲ ಆ ವೇಷದ ಒಳಗೆ ಸೇರಿ ನಟಿಸುವವರೂ ಅವರೇ. ಬೇರೆ ನಟನಿಗೆ ಕೊಡುವ ಸಂಬಳವೂ ಉಳಿಯಿತು!

ಶುಕ್ರಗ್ರಹದ ಪ್ರಾಣಿಗೆ ಅವರು ಕೊಟ್ಟ ಕಾರಣ ಕೇಳಿ. ಆಗ ಶುಕ್ರ ಅಂದರೆ ಮೋಡ ಮುಚ್ಚಿದ, ಬಿಸಿಯಾದ, ತೇವದ ಜಾಗ ಅಂತ ಬಹಳ ಜನ ನಂಬಿದ್ದರು. 1962ರಲ್ಲಿ ಮ್ಯಾರಿನರ್-2 ನೌಕೆ ಹತ್ತಿರ ಹೋಗಿ ಅಳೆದ ಮೇಲೆ ಆ ಕಲ್ಪನೆ ಬಿದ್ದುಹೋಯಿತು. ಬಿಸಿ, ತೇವ, ಮಬ್ಬು ಬೆಳಕು ಇರುವ ಕಡೆ ಏನು ಬೆಳೆಯುತ್ತದೆ? ಅಣಬೆ. ಹಾಗಾಗಿ ಕೂತಲ್ಲೇ ಕೂತಿರುವ, ಬುಡ ಅಗಲವಾದ, ಅಣಬೆ ಜಾತಿಯ ಜೀವಿ. ನಡೆಯಲಾರದು, ಬುದ್ಧಿ ಮಾತ್ರ ಜಾಸ್ತಿ. ಬೇರೆಯವರ ತಲೆಯೊಳಗೆ ಹೊಕ್ಕು ಕೆಲಸ ಮಾಡಿಸುತ್ತದೆ. ನಿರ್ದೇಶಕ ರೋಜರ್ ಕೋರ್ಮನ್ ಹೇಳುತ್ತಿದ್ದ ಕಾರಣ ಬೇರೆ. ಅವರು ಸ್ಟ್ಯಾನ್‌ಫರ್ಡ್‌ನಲ್ಲಿ ಎಂಜಿನಿಯರಿಂಗ್ ಓದಿದವರು. ಗುರುತ್ವ ಜಾಸ್ತಿ ಇರುವ ಗ್ರಹದ ಪ್ರಾಣಿ ಕುಳ್ಳಾಗಿ, ನೆಲಕ್ಕೆ ಅಂಟಿಕೊಂಡ ಹಾಗೆ ಇರಬೇಕು ಅಂತ ಅವರ ಲೆಕ್ಕ. ಶುಕ್ರನ ಗುರುತ್ವ ಭೂಮಿಯದಕ್ಕಿಂತ ಸ್ವಲ್ಪ ಕಡಿಮೆಯೇ, ಹಾಗಾಗಿ ಆ ಲೆಕ್ಕ ನಿಲ್ಲುವುದಿಲ್ಲ. ನನಗೆ ಬ್ಲೈಸ್‌ಡೆಲ್ ಮಾತೇ ಸರಿ ಅನ್ನಿಸುತ್ತದೆ.

ಸೆಟ್‌ಗೆ ಪ್ರಾಣಿ ಬಂತು. ನಾಯಕಿ ಬೆವರ್ಲಿ ಗಾರ್ಲೆಂಡ್ ಅದರ ಪಕ್ಕ ನಿಂತು, ತಲೆ ಬಗ್ಗಿಸಿ ನೋಡಿ, ‘ಇದಾ ಪ್ರಪಂಚ ಗೆದ್ದಿದ್ದು?’ ಅನ್ನೋ ಅರ್ಥದ ಮಾತು ಹೇಳಿ ಒಂದು ಒದೆ ಕೊಟ್ಟರು ಅಂತ ಕೋರ್ಮನ್ ನೆನಪಿಸಿಕೊಳ್ಳುತ್ತಿದ್ದರು. ತಕ್ಷಣ ಅದರ ಎತ್ತರ ಹೆಚ್ಚಿಸಿದರಂತೆ. ಅವತ್ತು ಕಲಿತ ಪಾಠವನ್ನು ಅವರು ಜೀವನವಿಡೀ ಹೇಳಿದರು: ದೈತ್ಯ ಯಾವಾಗಲೂ ನಾಯಕಿಗಿಂತ ಎತ್ತರ ಇರಬೇಕು.

ಅದನ್ನು ಗುಹೆಯ ಕತ್ತಲಲ್ಲಿ ಅರ್ಧಂಬರ್ಧ ತೋರಿಸಬೇಕು ಅಂತಲೇ ಮಾಡಿದ್ದು. ಕತ್ತಲಲ್ಲಿ ಹೊಳೆಯುವ ಎರಡು ಕಣ್ಣು, ಮುಂದಕ್ಕೆ ಚಾಚುವ ಏಡಿಗೈ, ಅಷ್ಟೇ ಸಾಕು. ಆದರೆ ಕೊನೆಯ ದೃಶ್ಯ ಹೊರಗೆ, ಹಗಲ ಬೆಳಕಿನಲ್ಲಿ ನಡೆಯಿತು. ಕೂತಲ್ಲೇ ಕೂತಿರಬೇಕಾದ ಜೀವಿಯನ್ನು ಹೊರಗೆ ತಳ್ಳಿಕೊಂಡು ಬರಬೇಕಾಯಿತು. ನೀವು ನಕ್ಕಿದ್ದು ಆ ಕ್ಷಣಕ್ಕೆ. ಒಳಗಿನ ದೃಶ್ಯಗಳನ್ನು ಇನ್ನೊಮ್ಮೆ ನೋಡಿ. ಗಾರ್ಲೆಂಡ್ ಬಂದೂಕು ಹಿಡಿದು ಒಬ್ಬರೇ ಗುಹೆಗೆ ಹೋಗುವ ದೃಶ್ಯದಲ್ಲಿ ನಗು ಬರುವುದಿಲ್ಲ. ಆಕೆ ಮನಸಾರೆ ನಟಿಸಿದ್ದಾರೆ. ಪ್ರಾಣಿಯನ್ನು ನಂಬಿ ಮೋಸಹೋಗುವ ವಿಜ್ಞಾನಿಯಾಗಿ ಲೀ ವ್ಯಾನ್ ಕ್ಲೀಫ್ ಇದ್ದಾರೆ. ಮುಂದೆ ಇಟಲಿಯ ಕೌಬಾಯ್ ಸಿನಿಮಾಗಳಲ್ಲಿ ಮಿಂಚಿದವರು ಅವರೇ.

ಈ ಸಿನಿಮಾಗಳ ಬಗ್ಗೆ ಸಾಮಾನ್ಯವಾಗಿ ಹೇಳುವ ಮಾತು ಅಣುಬಾಂಬಿನ ಭಯದ್ದು. ಅದು ಸುಳ್ಳಲ್ಲ. 1954ರ ‘ದೆಮ್!’ ಸಿನಿಮಾದ ದೈತ್ಯ ಇರುವೆಗಳು ನ್ಯೂ ಮೆಕ್ಸಿಕೋದಲ್ಲಿ ಮೊದಲ ಬಾಂಬ್ ಪರೀಕ್ಷೆ ನಡೆದ ಕಡೆಯಿಂದಲೇ ಏಳುತ್ತವೆ. ಶೀತಲ ಸಮರ, ಪಕ್ಕದ ಮನೆಯವನೇ ಶತ್ರು ಇರಬಹುದೆಂಬ ಅನುಮಾನ, ಹಾರುವ ತಟ್ಟೆಗಳ ಸುದ್ದಿ, ಎಲ್ಲವೂ ಇವುಗಳಲ್ಲಿ ಇವೆ. ಆದರೆ ಕಥೆ ಹೀಗೇ ಯಾಕೆ ಸಾಗುತ್ತದೆ ಅನ್ನೋದಕ್ಕೆ ಅಣುಬಾಂಬಿಗಿಂತ ಒಳ್ಳೆಯ ಉತ್ತರ ಲೆಕ್ಕದ ಪುಸ್ತಕದಲ್ಲಿ ಸಿಗುತ್ತದೆ. ನಾನು ಹೇಳಬೇಕೆಂದಿರುವ ಮುಖ್ಯ ಮಾತೂ ಇದೇ. ದುಡ್ಡು ಎಲ್ಲಿಲ್ಲ ಅಂತ ಮೊದಲೇ ತಿಳಿದು ಕಥೆ ಕಟ್ಟಿದವರ ಸಿನಿಮಾಗಳು ಇವತ್ತಿಗೂ ನಿಂತಿವೆ. ತಿಳಿಯದವರವು ಬಿದ್ದಿವೆ.

ಈ ಮಾರುಕಟ್ಟೆ ಹುಟ್ಟಿದ್ದು ಹೀಗೆ. 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪೊಂದು ಕೊಟ್ಟಿತು. ದೊಡ್ಡ ಸ್ಟುಡಿಯೋಗಳು ತಮ್ಮ ಥಿಯೇಟರ್‌ಗಳನ್ನು ಬಿಟ್ಟುಕೊಡಬೇಕಾಯಿತು. ತಮ್ಮದೇ ಥಿಯೇಟರ್ ತುಂಬಿಸಲು ಮಾಡುತ್ತಿದ್ದ ಸಣ್ಣ ಸಿನಿಮಾಗಳನ್ನು ಅವು ಕಡಿಮೆ ಮಾಡಿದವು. ದೊಡ್ಡವರು ಮನೆಯಲ್ಲಿ ಟಿವಿ ಮುಂದೆ ಕೂತರು. ಉಳಿದ ಪ್ರೇಕ್ಷಕರು ಹದಿಹರೆಯದ ಹುಡುಗ ಹುಡುಗಿಯರು. ಅವರು ಕಾರು ಹತ್ತಿ ಡ್ರೈವ್-ಇನ್‌ಗೆ, ಅಂದರೆ ಕಾರಿನಲ್ಲೇ ಕೂತು ನೋಡುವ ಬಯಲು ಥಿಯೇಟರಿಗೆ, ಹೋಗುತ್ತಿದ್ದರು. 1950ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದಲ್ಲಿ 4,000ಕ್ಕೂ ಹೆಚ್ಚು ಡ್ರೈವ್-ಇನ್‌ಗಳಿದ್ದವು. ಅಲ್ಲಿ ಒಂದೇ ಟಿಕೆಟ್‌ಗೆ ಎರಡು ಸಿನಿಮಾ.

ಇದನ್ನು ಸರಿಯಾಗಿ ಹಿಡಿದವರು ಜೇಮ್ಸ್ ನಿಕಲ್ಸನ್ ಮತ್ತು ಸ್ಯಾಮ್ಯುಯೆಲ್ ಆರ್ಕಾಫ್. 1954ರಲ್ಲಿ ಶುರು ಮಾಡಿದ ಅವರ ಕಂಪನಿ ಮುಂದೆ ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಅಂತಾಯಿತು. ಅಲ್ಲಿವರೆಗೆ ಎರಡನೇ ಸಿನಿಮಾಕ್ಕೆ ಸಿಗುತ್ತಿದ್ದದ್ದು ಗೊತ್ತುಪಡಿಸಿದ ಸಣ್ಣ ಬಾಡಿಗೆ. ಇವರು ಎರಡೂ ಸಿನಿಮಾ ತಾವೇ ಮಾಡಿ ಜೋಡಿಯಾಗಿ ಮಾರಿದರು. ಆಗ ಟಿಕೆಟ್ ಹಣದಲ್ಲೇ ಪಾಲು ಕೇಳಬಹುದಿತ್ತು. ನೀವು ನೋಡಿದ ಸಿನಿಮಾ ಕೂಡ ‘ದ ಶೀ-ಕ್ರೀಚರ್’ ಜೊತೆ ಜೋಡಿಯಾಗಿ ಬಂದದ್ದು. ಆ ಎರಡನೆಯದರ ವೇಷವೂ ಬ್ಲೈಸ್‌ಡೆಲ್ ಅವರದೇ. ಜೋಡಿ ಪ್ರದರ್ಶನಕ್ಕೆ ಹೊಂದಬೇಕಲ್ಲ, ಅದಕ್ಕೇ ಈ ಸಿನಿಮಾಗಳೆಲ್ಲ 60ರಿಂದ 80 ನಿಮಿಷದೊಳಗೆ ಮುಗಿಯುತ್ತವೆ.

ಅವರ ಕೆಲಸದ ಕ್ರಮ ತಲೆಕೆಳಗು. ನಿಕಲ್ಸನ್ ಮೊದಲು ಒಂದು ಹೆಸರು ಹುಡುಕುವರು. ಆಲ್ಬರ್ಟ್ ಕ್ಯಾಲಿಸ್ ಅನ್ನೋ ಕಲಾವಿದ ಅದಕ್ಕೊಂದು ಪೋಸ್ಟರ್ ಬರೆಯುವರು. ಅದನ್ನು ಥಿಯೇಟರ್ ಮಾಲೀಕರಿಗೆ ತೋರಿಸುವರು. ಅವರು ತಲೆಯಾಡಿಸಿದರೆ ಆಮೇಲೆ ಕಥೆ, ಆಮೇಲೆ ಶೂಟಿಂಗ್. ದೈತ್ಯ ಎಲ್ಲಕ್ಕಿಂತ ಕೊನೆಗೆ.

1955ರ ‘ದ ಬೀಸ್ಟ್ ವಿತ್ ಎ ಮಿಲಿಯನ್ ಐಸ್’ ಇದಕ್ಕೆ ಒಳ್ಳೆಯ ಉದಾಹರಣೆ. ಹೆಸರಿನಲ್ಲಿ ಹತ್ತು ಲಕ್ಷ ಕಣ್ಣು. ಕಥೆ ಬರೆದವರು ದುಡ್ಡು ಉಳಿಸಲು ಜಾಣತನ ಮಾಡಿದರು. ಬೇರೆ ಲೋಕದ ಆ ಜೀವಿಗೆ ಸ್ವಂತ ರೂಪವೇ ಬೇಡ, ಅದು ಹಕ್ಕಿ, ನಾಯಿ, ಹಸುಗಳ ಕಣ್ಣಿನಿಂದಲೇ ನೋಡುತ್ತದೆ! ಮರುಭೂಮಿಯ ಒಂದು ತೋಟದ ಮನೆ, ಒಂದಷ್ಟು ಸಾಕುಪ್ರಾಣಿ, ಮುಗಿಯಿತು. ನಿಜಕ್ಕೂ ಒಳ್ಳೆಯ ಕಲ್ಪನೆ. ಆದರೆ ಪೋಸ್ಟರಿನಲ್ಲಿ ಹಲ್ಲು ಕಿರಿದ ದೈತ್ಯ ಇತ್ತಲ್ಲ. ಸಿನಿಮಾ ನೋಡಿದ ಮಾಲೀಕರು ‘ಅದು ಎಲ್ಲಿ?’ ಅಂದರು. ಕೋರ್ಮನ್ ಫಾರೆಸ್ಟ್ ಆಕರ್‌ಮನ್ ಅವರನ್ನು ಕೇಳಿದರು. ವಿಜ್ಞಾನಕಥೆ ಪ್ರಪಂಚದಲ್ಲಿ ಎಲ್ಲರನ್ನೂ ಬಲ್ಲ ಏಜೆಂಟ್ ಅವರು. ಮೊದಲು ಬಂದ ಹೆಸರು ರೇ ಹ್ಯಾರಿಹೌಸನ್. ಗೊಂಬೆಯನ್ನು ಒಂದೊಂದೇ ಫ್ರೇಮ್ ಅಲುಗಿಸಿ ಜೀವ ಕೊಡುವ ಮಾಂತ್ರಿಕ. ಅಷ್ಟು ದುಡ್ಡು ಇರಲಿಲ್ಲ. ಆಗ ಸಿಕ್ಕಿದವರು ಬ್ಲೈಸ್‌ಡೆಲ್. ಕೆಲವೇ ನೂರು ಡಾಲರ್‌ಗೆ ಸುಮಾರು ಒಂದೂವರೆ ಅಡಿಯ ಗೊಂಬೆ ಮಾಡಿಕೊಟ್ಟರು. ತೆರೆಯ ಮೇಲೆ ಅದು ಕೆಲವೇ ಕ್ಷಣ ಇದೆ. ಅವರ ಸಿನಿಮಾ ಬದುಕು ಶುರುವಾಗಿದ್ದು ಹಾಗೆ, ಪೋಸ್ಟರ್ ಕೊಟ್ಟ ಮಾತನ್ನು ಉಳಿಸುವ ಕೆಲಸದಿಂದ.

ಈಗ ಬೇರೆ ಸಿನಿಮಾಗಳನ್ನು ಇದೇ ಕಣ್ಣಿನಿಂದ ನೋಡಿ. ಬೇರೆ ಗ್ರಹದವರು ಮನುಷ್ಯರ ಮನಸ್ಸನ್ನು ವಶ ಮಾಡಿಕೊಳ್ಳುವ ಕಥೆಗಳು ಯಾಕಿಷ್ಟು? ವಶವಾದ ಮನುಷ್ಯನಿಗೆ ವೇಷ ಬೇಕಿಲ್ಲ. 1957ರ ‘ನಾಟ್ ಆಫ್ ದಿಸ್ ಅರ್ತ್’ನಲ್ಲಿ ಕೋರ್ಮನ್ ಇದನ್ನು ಇನ್ನೂ ಚೆಂದ ಮಾಡಿದರು. ಸೂಟು ಹಾಕಿದ, ಕಪ್ಪು ಕನ್ನಡಕದ ಒಬ್ಬ ಮನುಷ್ಯ. ತನ್ನ ಗ್ರಹದವರಿಗಾಗಿ ನಮ್ಮ ರಕ್ತ ಬೇಕು. ಕನ್ನಡಕ ತೆಗೆದರೆ ಕಣ್ಣು ಪೂರ್ತಿ ಬಿಳಿ. ಖರ್ಚು ಒಂದು ಜೊತೆ ಲೆನ್ಸ್‌ನದು. ಆ ಪಾತ್ರ ಮಾಡಿದ ಪಾಲ್ ಬರ್ಚ್ ಮಾತು ಎಷ್ಟು ಸಪ್ಪೆ, ಎಷ್ಟು ಶಿಸ್ತು ಅಂದರೆ ಮನೆ ಬಾಗಿಲಿಗೆ ಬಂದ ಮಾರಾಟಗಾರನ ಜೊತೆ ಮಾತಾಡುವುದೂ ಮೈ ಜುಂ ಅನ್ನಿಸುತ್ತದೆ.

ಅದೇ ವರ್ಷದ ‘ಅಟ್ಯಾಕ್ ಆಫ್ ದ ಕ್ರ್ಯಾಬ್ ಮಾನ್‌ಸ್ಟರ್ಸ್’, ಚಾರ್ಲ್ಸ್ ಗ್ರಿಫಿತ್ ಬರೆದದ್ದು, ಬರೀ 62 ನಿಮಿಷ. ಅಣುಪರೀಕ್ಷೆಯ ಧೂಳು ಬಿದ್ದ ಪೆಸಿಫಿಕ್ ದ್ವೀಪ, ದೈತ್ಯ ಏಡಿಗಳು. ಏಡಿ ನೋಡಲು ಅಷ್ಟಕ್ಕಷ್ಟೇ. ಆದರೆ ಅದು ಮನುಷ್ಯನ ಮೆದುಳು ತಿಂದು ಅವನ ಮನಸ್ಸನ್ನೂ ನುಂಗಿಕೊಳ್ಳುತ್ತದೆ. ಆಮೇಲೆ ಸತ್ತ ಗೆಳೆಯನ ದನಿಯಲ್ಲೇ ರಾತ್ರಿ ಉಳಿದವರನ್ನು ಕರೆಯುತ್ತದೆ. ‘ಬಾ, ನಾನು ಇಲ್ಲಿದ್ದೀನಿ’ ಅಂತ. ದನಿಗೆ ಯಾವ ಖರ್ಚು? ನನ್ನ ಲೆಕ್ಕದಲ್ಲಿ ಆ ದಶಕದ ಅತ್ಯಂತ ಹೆದರಿಕೆಯ ಕಲ್ಪನೆಗಳಲ್ಲಿ ಇದೂ ಒಂದು.

1958ರ ‘ಇಟ್! ದ ಟೆರರ್ ಫ್ರಮ್ ಬಿಯಾಂಡ್ ಸ್ಪೇಸ್’ ಕಥೆ ಬಹುಪಾಲು ಒಂದು ರಾಕೆಟ್ ಒಳಗೆ. ಮಂಗಳಗ್ರಹದಿಂದ ವಾಪಸ್ ಬರುವ ದಾರಿ. ಕೆಳಗಿನ ಅಂತಸ್ತಿನಲ್ಲಿ ಪ್ರಾಣಿ ಸೇರಿಕೊಂಡಿದೆ. ಜನ ಒಂದೊಂದೇ ಅಂತಸ್ತು ಮೇಲಕ್ಕೆ ಓಡುತ್ತಾರೆ, ಅದು ಒಂದೊಂದೇ ಬಾಗಿಲು ಮುರಿದು ಹಿಂದೆ ಬರುತ್ತದೆ. ಮೇಲೆ ಇನ್ನು ಅಂತಸ್ತು ಇಲ್ಲ. 1979ರ ‘ಏಲಿಯನ್’ ನೋಡಿದ್ದರೆ ಅದರ ಕಥೆಯ ಎಳೆ ಎಲ್ಲಿಂದ ಬಂತು ಅಂತ ತಿಳಿಯುತ್ತದೆ. ಇದರ ವೇಷವೂ ಬ್ಲೈಸ್‌ಡೆಲ್ ಮಾಡಿದ್ದೇ. ಆದರೆ ಒಳಗೆ ಹೋದವರು ರೇ ಕೊರಿಗನ್. ತಲೆಯ ಅಳತೆ ಸರಿಯಾಗಿ ಸಿಗದೆ ಮುಖವಾಡ ಕೂರಲಿಲ್ಲ, ಅವರ ಗದ್ದ ಮುಖವಾಡದ ಬಾಯಿಂದ ಆಚೆಗೆ ಬಂತು. ಹೊಸ ಮುಖವಾಡ ಮಾಡಲು ಪುರುಸೊತ್ತಿಲ್ಲ. ಗದ್ದಕ್ಕೇ ಬಣ್ಣ ಹಚ್ಚಿ ನಾಲಿಗೆ ಮಾಡಿದರು. ನಿಲ್ಲಿಸಿ ನೋಡಿ, ಆ ನಾಲಿಗೆ ಕಾಣುತ್ತದೆ.

ಜಾಗದ ಮಾತಿಗೆ ಬಂದರೆ, ನೀವು ನೋಡಿದ ಗುಹೆ ನಿಮಗೆ ಮತ್ತೆ ಮತ್ತೆ ಸಿಗುತ್ತದೆ. ಅದು ಲಾಸ್ ಏಂಜಲೀಸ್‌ನ ಗ್ರಿಫಿತ್ ಪಾರ್ಕಿನಲ್ಲಿರುವ ಬ್ರಾನ್ಸನ್ ಕ್ಯಾನ್ಯನ್. ಹಳೆಯ ಕಲ್ಲು ಕ್ವಾರಿ, ನಡುವೆ ಕೊರೆದ ಸುರಂಗ. ಹಾಲಿವುಡ್‌ನಿಂದ ಕೂಗಳತೆ ದೂರ. ಹೋಗಿ ಬರುವ ಖರ್ಚಿಲ್ಲ, ಸೆಟ್ ಹಾಕಬೇಕಾಗಿಲ್ಲ, ಕ್ಯಾಮೆರಾ ಒಂದು ಕಡೆ ತಿರುಗಿಸಿದರೆ ಮಂಗಳಗ್ರಹ, ಇನ್ನೊಂದು ಕಡೆ ತಿರುಗಿಸಿದರೆ ಪ್ರಳಯ ಆದಮೇಲಿನ ಭೂಮಿ. 1966ರ ಟಿವಿ ಬ್ಯಾಟ್‌ಮನ್ ಕಾರು ಹೊರಗೆ ಬರುತ್ತಿದ್ದದ್ದೂ ಅಲ್ಲಿಂದಲೇ. 1953ರ ‘ರೋಬೋಟ್ ಮಾನ್‌ಸ್ಟರ್’ ಕೂಡ ಅಲ್ಲೇ, ನಾಲ್ಕು ದಿನದಲ್ಲಿ. ಲೋಹದ ರೋಬೋಟ್ ಮಾಡಿಸಲು ದುಡ್ಡು ಸಾಲಲಿಲ್ಲ. ಜಾರ್ಜ್ ಬ್ಯಾರೋಸ್ ಅನ್ನೋ ನಟನ ಹತ್ತಿರ ಸ್ವಂತ ಗೊರಿಲ್ಲಾ ವೇಷ ಇತ್ತು. ಅದರ ತಲೆಗೆ ಮುಳುಗುಗಾರರ ಹೆಲ್ಮೆಟ್ ಇಟ್ಟರು. ಅದೇ ರೋಬೋಟ್. ಜೊತೆಗೆ ಗುಳ್ಳೆ ಬಿಡುವ ಒಂದು ಯಂತ್ರ. ಅದಕ್ಕೆ ಟೈಟಲ್‌ನಲ್ಲಿ ಹೆಸರೂ ಉಂಟು. ಸಂಗೀತ ಮಾತ್ರ ಎಲ್ಮರ್ ಬರ್ನ್‌ಸ್ಟೈನ್ ಅವರದು, ಮುಂದೆ ಹಾಲಿವುಡ್‌ನ ದೊಡ್ಡ ಸಂಗೀತ ನಿರ್ದೇಶಕರಾದವರು. ಕಣ್ಣು ಮುಚ್ಚಿ ಕೇಳಿದರೆ ಅದು ಬೇರೆಯೇ ಸಿನಿಮಾ.

ಹ್ಯಾರಿಹೌಸನ್ ಅವರಿಗೂ ಲೆಕ್ಕ ತಪ್ಪಲಿಲ್ಲ. 1955ರ ‘ಇಟ್ ಕೇಮ್ ಫ್ರಮ್ ಬಿನೀತ್ ದ ಸೀ’ಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸೇತುವೆ ಮುರಿಯುವ ಆಕ್ಟೋಪಸ್‌ಗೆ ಇರುವುದು ಆರೇ ತೋಳು. ಪ್ರತಿ ಫ್ರೇಮಿಗೂ ಎಲ್ಲ ತೋಳನ್ನೂ ಅಲುಗಿಸಬೇಕು. ಎರಡು ಕಮ್ಮಿಯಾದರೆ ಅಷ್ಟು ಸಮಯ, ಅಷ್ಟು ದುಡ್ಡು ಉಳಿತಾಯ. ನೀರಿನೊಳಗೆ ಸದಾ ಒಂದೆರಡು ಮುಳುಗಿರುವುದರಿಂದ ಎಣಿಸಲು ಹೋಗುವವರು ಕಡಿಮೆ. ಇಟಲಿಯ ಮಾರಿಯೋ ಬಾವಾ 1965ರಲ್ಲಿ ಒಂದು ಇಡೀ ಗ್ರಹವನ್ನೇ ಎರಡು ಪ್ಲಾಸ್ಟಿಕ್ ಬಂಡೆಯಿಂದ ಕಟ್ಟಿದೆ ಅಂತ ಹೇಳುತ್ತಿದ್ದರು. ಬೇರೆ ಸಿನಿಮಾದಲ್ಲಿ ಉಳಿದಿದ್ದ ಬಂಡೆಗಳು, ಕನ್ನಡಿ, ಹೊಗೆ, ಬಣ್ಣದ ದೀಪ. ‘ಪ್ಲಾನೆಟ್ ಆಫ್ ದ ವ್ಯಾಂಪೈರ್ಸ್’ ನೋಡಿದರೆ ನಂಬುವುದು ಕಷ್ಟ, ಅಷ್ಟು ಚೆಂದ ಇದೆ.

ಲೆಕ್ಕ ತಪ್ಪಿದ ಕಡೆ ಏನಾಗುತ್ತದೆ ಅಂತ ನೋಡಬೇಕಾದರೆ 1957ರ ‘ದ ಜೈಂಟ್ ಕ್ಲಾ’ ಇದೆ. ದೈತ್ಯ ಹಕ್ಕಿಯ ಕಥೆ. ನಟರು ಖಾಲಿ ಆಕಾಶ ನೋಡುತ್ತಾ ಪ್ರಾಮಾಣಿಕವಾಗಿ ಹೆದರಿದರು. ಹಕ್ಕಿಯ ಗೊಂಬೆಯನ್ನು ಆಮೇಲೆ ಮೆಕ್ಸಿಕೋದಲ್ಲಿ ಅಗ್ಗಕ್ಕೆ ಮಾಡಿಸಿದರು. ಉದ್ದ ಕತ್ತು, ಉರುಟು ಕಣ್ಣು, ತಲೆ ಮೇಲೊಂದು ಜುಟ್ಟು. ನಾಯಕ ಜೆಫ್ ಮಾರೋ ಅದನ್ನು ಮೊದಲ ಸಲ ನೋಡಿದ್ದು ಥಿಯೇಟರಿನಲ್ಲಿ, ಊರವರ ಜೊತೆ ಕೂತಾಗ. ಜನ ನಗತೊಡಗಿದರು, ಅವರು ಮುಗಿಯುವ ಮೊದಲೇ ಎದ್ದು ಮನೆಗೆ ಹೋದರು. ನನಗೆ ಆ ಸಿನಿಮಾ ನೋಡಿ ನಗು ಬರುವುದಿಲ್ಲ, ಬೇಜಾರಾಗುತ್ತದೆ. ಹಗಲ ಆಕಾಶದಲ್ಲಿ ಪೂರ್ತಿ ಕಾಣಲೇಬೇಕಾದ ಪ್ರಾಣಿಯನ್ನು ಕಥೆಗೆ ಆರಿಸಿಕೊಂಡು, ಅದಕ್ಕೇ ದುಡ್ಡು ಹಾಕದೆ ಬಿಟ್ಟರು. ನಟರಿಗೆ ಅನ್ಯಾಯವಾಯಿತು.

ಇನ್ನು ಇದರ ಪೂರ್ತಿ ತಿರುಗುಮುರುಗು: 1958ರ ‘ದ ಬ್ಲಾಬ್’. ಇದು ಹಾಲಿವುಡ್ ಸಿನಿಮಾವೇ ಅಲ್ಲ. ಪೆನ್ಸಿಲ್ವೇನಿಯಾದಲ್ಲಿ ಚರ್ಚ್‌ಗಳಿಗೆ ಧಾರ್ಮಿಕ ಚಿತ್ರ ಮಾಡುತ್ತಿದ್ದ ಇರ್ವಿನ್ ಯೆವರ್ತ್ ನಿರ್ದೇಶಕ, ಜ್ಯಾಕ್ ಹ್ಯಾರಿಸ್ ನಿರ್ಮಾಪಕ. ಅವರ ದೈತ್ಯನಿಗೆ ಮುಖ ಇಲ್ಲ, ಕೈಕಾಲಿಲ್ಲ, ವೇಷ ಹಾಕುವ ಮನುಷ್ಯನಿಲ್ಲ. ಅದೊಂದು ಮುದ್ದೆ. ಸಿಲಿಕೋನ್‌ಗೆ ಕೆಂಪು ಬಣ್ಣ ಬೆರೆಸಿದ್ದು. ಆಕಾಶದಿಂದ ಬಿದ್ದ ಕಲ್ಲಿನೊಳಗಿಂದ ಬರುತ್ತದೆ, ಸಿಕ್ಕಿದವರನ್ನು ನುಂಗುತ್ತಾ ದೊಡ್ಡದಾಗುತ್ತದೆ, ಕೆಂಪಾಗುತ್ತದೆ. ಅದನ್ನು ನಡೆಸಿದ ರೀತಿ ಗಮನಿಸಿ. ಮೇಜಿನ ಮೇಲೆ ಪುಟಾಣಿ ಸೆಟ್. ಆ ಸೆಟ್‌ಗೇ ಕ್ಯಾಮೆರಾ ಬಿಗಿದು, ಎರಡನ್ನೂ ಒಟ್ಟಿಗೆ ವಾಲಿಸಿದರು. ಸಿಲಿಕೋನ್ ಇಳಿಜಾರಿಗೆ ಹರಿಯಿತು. ಕ್ಯಾಮೆರಾ ಕೂಡ ವಾಲಿರುವುದರಿಂದ ನೆಲ ಮಟ್ಟವಾಗೇ ಕಾಣುತ್ತದೆ, ಮುದ್ದೆ ತಾನೇ ತೆವಳಿದ ಹಾಗೆ ಕಾಣುತ್ತದೆ. ಆ ಚಲನೆ ಯಾವ ಪ್ರಾಣಿಯದೂ ಅಲ್ಲ. ಅದಕ್ಕೇ ಅರವತ್ತು ವರ್ಷ ದಾಟಿದರೂ ಹಳತಾಗಿಲ್ಲ.

ನಾಯಕ 27ರ ಸ್ಟೀವ್ ಮೆಕ್‌ಕ್ವೀನ್, ಪಾತ್ರ ಹದಿಹರೆಯದ ಹುಡುಗನದು. ಲಾಭದಲ್ಲಿ ಪಾಲು ಬೇಡ ಅಂತ 3,000 ಡಾಲರ್ ಸಂಬಳಕ್ಕೆ ಒಪ್ಪಿದರು. ಸಿನಿಮಾ ಭರ್ಜರಿಯಾಗಿ ಓಡಿತು. ಟೈಟಲ್ ಹಾಡಿಗೆ ಸಂಗೀತ ಬರ್ಟ್ ಬ್ಯಾಕರಾಕ್. ಮುದ್ದೆ ನುಗ್ಗಿ ಜನ ಕಿರುಚುತ್ತಾ ಹೊರಗೆ ಓಡಿಬರುವ ಥಿಯೇಟರ್ ಫೀನಿಕ್ಸ್‌ವಿಲ್ ಊರಿನ ಕಲೋನಿಯಲ್ ಥಿಯೇಟರ್. ಅದು ಈಗಲೂ ಇದೆ. ಬೇಸಿಗೆಯಲ್ಲಿ ಅಲ್ಲಿ ಬ್ಲಾಬ್‌ಫೆಸ್ಟ್ ನಡೆಯುತ್ತದೆ, ಜನ ದುಡ್ಡು ಕೊಟ್ಟು ಬಂದು ಅದೇ ಬಾಗಿಲಿನಿಂದ ಕಿರುಚುತ್ತಾ ಓಡುತ್ತಾರೆ. ‘ಯಾಕೆ ಇನ್ನೂ ನೋಡುತ್ತಾರೆ’ ಅಂದಿರಲ್ಲ, ಇದೂ ಒಂದು ಉತ್ತರ.

ಇನ್ನೊಂದು ಉತ್ತರ, ಕೈಕೆಲಸ. ಇವತ್ತಿನ ಸಿನಿಮಾದ ಕೊನೆಯಲ್ಲಿ ನೂರಾರು ಹೆಸರು ಹರಿದುಹೋಗುತ್ತವೆ, ಯಾರು ಏನು ಮಾಡಿದರು ಅಂತ ತಿಳಿಯುವುದಿಲ್ಲ. ಇಲ್ಲಿ ಒಬ್ಬ ಮನುಷ್ಯ ಕತ್ತರಿ ಹಿಡಿದು ಕೂತದ್ದು ಕಾಣುತ್ತದೆ. ಆ ಮನುಷ್ಯನಿಗೆ ಸಿಕ್ಕಿದ್ದು ಮಾತ್ರ ಕಮ್ಮಿ. 1958ರ ‘ಹೌ ಟು ಮೇಕ್ ಎ ಮಾನ್‌ಸ್ಟರ್’ನಲ್ಲಿ, ‘ದೈತ್ಯರ ಕಾಲ ಮುಗಿಯಿತು’ ಅಂತ ಕೆಲಸ ಕಳೆದುಕೊಳ್ಳುವ ಮೇಕಪ್ ಕಲಾವಿದನ ಕಥೆ ಇದೆ. ಕೊನೆಯ ರೀಲ್ ಬಣ್ಣದ್ದು. ಅವನ ಮನೆಯ ಗೋಡೆಯಲ್ಲಿ ತೂಗುಹಾಕಿದ ಮುಖವಾಡಗಳಿಗೆ ಬೆಂಕಿ ಬೀಳುತ್ತದೆ. ಅವುಗಳಲ್ಲಿ ಕೆಲವು ಬ್ಲೈಸ್‌ಡೆಲ್ ಹಿಂದಿನ ಸಿನಿಮಾಗಳಿಗೆ ಮಾಡಿದ್ದ ನಿಜವಾದ ಮುಖವಾಡಗಳು. ಕ್ಯಾಮೆರಾ ಮುಂದೆ ಸುಟ್ಟುಹೋದವು. ಸ್ವಲ್ಪ ಕಾಲದಲ್ಲೇ ಅವರು ಸಿನಿಮಾ ಬಿಟ್ಟರು, ಬಡಗಿ ಕೆಲಸ ಮಾಡಿಕೊಂಡಿದ್ದರು, 1983ರಲ್ಲಿ ತೀರಿಕೊಂಡರು. ಕೋರ್ಮನ್ 2024ರವರೆಗೆ ಬದುಕಿದ್ದರು. ಅವರ ಹತ್ತಿರ ಕೆಲಸ ಕಲಿತು ಹೋಗಿ ದೊಡ್ಡ ನಿರ್ದೇಶಕರಾದವರಲ್ಲಿ ಕೊಪೋಲಾ, ಸ್ಕಾರ್ಸೀಸಿ, ಜೇಮ್ಸ್ ಕ್ಯಾಮರೂನ್ ಇದ್ದಾರೆ.

ನೋಡುವಾಗ ಒಂದು ವಿಷಯ ನೆನಪಿಡಿ. ಇವುಗಳಲ್ಲಿ ಬಹಳಷ್ಟನ್ನು ಥಿಯೇಟರಿನಲ್ಲಿ ಚಿತ್ರದ ಮೇಲೆ ಕೆಳಗೆ ಮುಚ್ಚಿ, ಅಗಲವಾಗಿ ತೋರಿಸುತ್ತಿದ್ದರು. ಟಿವಿಗೆ ಕೊಟ್ಟ ಪ್ರತಿಗಳಲ್ಲಿ ಆ ಮುಚ್ಚಿದ ಭಾಗ ತೆರೆದುಕೊಂಡಿತು. ಮೈಕಿನ ನೆರಳು, ಸೆಟ್ಟಿನ ಅಂಚು ಕಾಣುವುದು ಎಷ್ಟೋ ಸಲ ಅದಕ್ಕೇ. ಆನ್‌ಲೈನ್‌ನಲ್ಲಿ ಓಡಾಡುವುದು ಹೆಚ್ಚಾಗಿ ಅಂಥ ಸವೆದ ಪ್ರತಿಗಳೇ. ರಿಪೇರಿ ಮಾಡಿದ ಒಳ್ಳೆಯ ಪ್ರತಿ ಸಿಕ್ಕರೆ ಅದನ್ನೇ ನೋಡಿ. ಹಾಗೇ, ‘ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್’ನ ಹಾರುವ ತಟ್ಟೆಗಳು ಊಟದ ತಟ್ಟೆ, ಕಾರಿನ ಚಕ್ರದ ಮುಚ್ಚಳ ಅಂತ ಎಲ್ಲ ಕಡೆ ಬರೆದಿರುತ್ತಾರೆ. ನಂಬಬೇಡಿ. ಅವು ಅಂಗಡಿಯಲ್ಲಿ ಸಿಗುತ್ತಿದ್ದ ಆಟಿಕೆ ಮಾದರಿಗಳು.

ನಿಮ್ಮ ಮನೆಯವರ ಜೊತೆಗಾದರೆ ಮೊದಲು ‘ದ ಬ್ಲಾಬ್’. ಬಣ್ಣದ್ದು, ಮಕ್ಕಳೂ ನೋಡಬಹುದು. ಆಮೇಲೆ ‘ಇಟ್! ದ ಟೆರರ್’, ದೀಪ ಆರಿಸಿ. ಒಬ್ಬರೇ ಇದ್ದಾಗ ‘ನಾಟ್ ಆಫ್ ದಿಸ್ ಅರ್ತ್’ ಮತ್ತು ಏಡಿಗಳದ್ದು, ಎರಡನ್ನೂ ಒಂದೇ ರಾತ್ರಿ. ಅವೂ ಜೋಡಿಯಾಗಿಯೇ ಬಿಡುಗಡೆಯಾದವು. ‘ರೋಬೋಟ್ ಮಾನ್‌ಸ್ಟರ್’ ಸುಮ್ನೆ ಗೆಳೆಯರ ಜೊತೆ ಇರಲಿ. ಇವೆಲ್ಲ ರುಚಿಸಿದರೆ 1952ರ ‘ದ ಜಂಗಲ್’ ಹುಡುಕಿ. ಅಮೆರಿಕದ ವಿಲಿಯಂ ಬರ್ಕ್ ನಿರ್ದೇಶನ, ಮುಖ್ಯ ನಟರೂ ಅಲ್ಲಿಯವರೇ. ಆದರೆ ಅದು ಸೇಲಂನ ಮಾಡರ್ನ್ ಥಿಯೇಟರ್ಸ್ ಪಾಲುದಾರಿಕೆಯಲ್ಲಿ ನಮ್ಮ ಕಡೆಯೇ ತಯಾರಾದದ್ದು, ತಮಿಳಿನಲ್ಲಿ ‘ಕಾಡು’ ಅಂತ ಬಂತು. ಅದರಲ್ಲಿ ಹಿಮಯುಗದ ಮ್ಯಾಮತ್‌ಗಳು ಬರುತ್ತವೆ. ಮೈತುಂಬಾ ಕೂದಲು ಹೊದಿಸಿದ ನಿಜವಾದ ಆನೆಗಳು ಅವು.